ಕಥೆ ಹಿಡಿದು ಬಾಂಬೆಗೆ ಬಂದರು, ಸಂಗೀತ ಕೊಟ್ಟು ಉಳಿದರು: ಸಲಿಲ್ ಚೌಧರಿಗೆ ಸಿನಿಮಾ ಬಾಗಿಲು ತೆರೆದವರು ಯಾರು?

ಸಂಗೀತ ನಿರ್ದೇಶಕರಾಗಲು ಮುಂಬೈಗೆ ಬಂದವರ ಕಥೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಕೈಯಲ್ಲೊಂದು ಹಾರ್ಮೋನಿಯಂ, ಜೇಬಿನಲ್ಲಿ ಯಾರದೋ ಶಿಫಾರಸು ಪತ್ರ, ಸ್ಟುಡಿಯೋ ಗೇಟಿನ ಮುಂದೆ ತಿಂಗಳುಗಟ್ಟಲೆ ಕಾಯುವುದು, ಕೊನೆಗೊಂದು ದಿನ ಯಾರೋ ದೊಡ್ಡವರು ಟ್ಯೂನ್ ಕೇಳಿ ತಲೆದೂಗುವುದು. ಸಲಿಲ್ ಚೌಧರಿ ಅವರದು ಹಾಗಲ್ಲ. 1950ರ ದಶಕದ ಆರಂಭದಲ್ಲಿ ಅವರು ಕೋಲ್ಕತ್ತಾದಿಂದ ಬಾಂಬೆಗೆ ಬಂದಾಗ ಅವರನ್ನು ಕರೆಸಿಕೊಂಡಿದ್ದು ಅವರ ಸಂಗೀತವಲ್ಲ, ಅವರು ಬರೆದ ಒಂದು ಕಥೆ. ರಿಕ್ಷಾ ಎಳೆಯುವವನ ಕಥೆ.

ಆ ಕಥೆ 'ದೋ ಬಿಘಾ ಜಮೀನ್' ಆಯಿತು. ಕಥೆಗಾರರೇ ಅದರ ಸಂಗೀತ ನಿರ್ದೇಶಕರೂ ಆದರು. ಅಲ್ಲಿಂದ ಮುಂದೆ ನಾಲ್ಕು ದಶಕ 'ಮಧುಮತಿ', 'ಪರಖ್', 'ಚೆಮ್ಮೀನ್', 'ಆನಂದ್', 'ರಜನಿಗಂಧಾ' ಎಂದು ಪಟ್ಟಿ ಬೆಳೆಯಿತು. ನಮ್ಮ ಕನ್ನಡದ 'ಕೋಕಿಲ'ವೂ ಅದರಲ್ಲಿದೆ. ಈ ಪಟ್ಟಿಯನ್ನು ಸುಮ್ಮನೆ ಓದಿದರೆ ಒಬ್ಬ ಪ್ರತಿಭಾವಂತನ ಸಾಧನೆ ಎನ್ನಿಸುತ್ತದೆ. ಆದರೆ ಪ್ರತಿ ಚಿತ್ರದ ಹಿಂದೆ ಯಾರು ಯಾರನ್ನು ಎಲ್ಲಿ ಭೇಟಿಯಾಗಿದ್ದರು ಎಂದು ನೋಡುತ್ತಾ ಹೋದರೆ ಬೇರೆಯದೇ ಕಥೆ ಕಾಣುತ್ತದೆ. ಇಂದಿನ ಹುಡುಗರು ನೆಟ್‌ವರ್ಕಿಂಗ್ ಎಂದು ಕರೆಯುವ ಸಂಗತಿ ಅದು. ಸಲಿಲ್ ಅವರ ಕಾಲದಲ್ಲಿ ಅದಕ್ಕೆ ಹೆಸರಿರಲಿಲ್ಲ. ಸ್ನೇಹ, ಚಳವಳಿ, ಜತೆಗೆ ಕುಡಿದ ಚಹಾ, ಒಂದೇ ಸೆಟ್ಟಿನಲ್ಲಿ ಕಳೆದ ಹಗಲುಗಳು, ಇಷ್ಟೇ.

ಚಹಾ ತೋಟದ ಗ್ರಾಮೊಫೋನ್

ಸಲಿಲ್ ಹುಟ್ಟಿದ್ದು 1925ರ ನವೆಂಬರ್ 19ರಂದು, ಬಂಗಾಳದ 24 ಪರಗಣ ಜಿಲ್ಲೆಯಲ್ಲಿ. ಆದರೆ ಬಾಲ್ಯ ಕಳೆದದ್ದು ಅಸ್ಸಾಮಿನ ಚಹಾ ತೋಟಗಳಲ್ಲಿ. ತಂದೆ ಜ್ಞಾನೇಂದ್ರ ಚೌಧರಿ ಅಲ್ಲಿ ವೈದ್ಯರಾಗಿದ್ದರು. ಊರಿಗೆ ಮರಳಿದ ಐರಿಷ್ ವೈದ್ಯರೊಬ್ಬರು ತಮ್ಮ ಗ್ರಾಮೊಫೋನನ್ನೂ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ರಾಶಿ ರೆಕಾರ್ಡುಗಳನ್ನೂ ಇವರ ಮನೆಗೆ ಬಿಟ್ಟುಹೋದರು. ಹೀಗೆ ಹುಡುಗನ ಕಿವಿಗೆ ಒಂದು ಕಡೆಯಿಂದ ಮೊಜಾರ್ಟ್, ಬೀಥೋವನ್. ಇನ್ನೊಂದು ಕಡೆಯಿಂದ ತೋಟದ ಕೂಲಿಗಳು ಸಂಜೆ ಹಾಡುವ ಜನಪದ. ತಂದೆ ಸುಮ್ಮನಿರುವ ಮನುಷ್ಯರೂ ಆಗಿರಲಿಲ್ಲ. ಬ್ರಿಟಿಷ್ ಮ್ಯಾನೇಜರುಗಳ ದರ್ಪ ಸಹಿಸದ ಅವರು ತೋಟದ ಕಾರ್ಮಿಕರನ್ನೇ ಸೇರಿಸಿ ನಾಟಕ ಆಡಿಸುತ್ತಿದ್ದರು.

ಸಲಿಲ್ ಚಿತ್ರಗೀತೆಗಳನ್ನು ಕೇಳುವಾಗ ಈ ಎರಡೂ ಕಡೆಯ ಕಿವಿ ಜತೆಗೇ ಕೆಲಸ ಮಾಡುವುದು ಗೊತ್ತಾಗುತ್ತದೆ. 'ಛಾಯಾ' ಚಿತ್ರದಲ್ಲಿ ತಲತ್ ಮತ್ತು ಲತಾ ಹಾಡಿದ ಯುಗಳಗೀತೆಯಲ್ಲಿ ಮೊಜಾರ್ಟ್‌ನ 40ನೇ ಸಿಂಫನಿ ನೇರವಾಗಿಯೇ ಇದೆ. 'ಮಧುಮತಿ'ಯ ಗುಡ್ಡಗಾಡಿನ ಹಾಡುಗಳಲ್ಲಿ ಚಹಾ ತೋಟದ ಕುಣಿತವಿದೆ.

ಓದಲು ಕೋಲ್ಕತ್ತಾದ ಕಡೆಗೆ ಬಂದಾಗ ಅಣ್ಣನ ವರಸೆಯ ನಿಖಿಲ್ ಚೌಧರಿ ಅವರ ವಾದ್ಯಮೇಳ ಸಿಕ್ಕಿತು. ಕೊಳಲು, ಎಸ್ರಾಜ್, ಪಿಯಾನೊ, ಪಿಟೀಲು ಕೈಗೆ ಬಂದವು. ಬಂಗಬಾಸಿ ಕಾಲೇಜಿಗೆ ಸೇರಿದ ಹೊತ್ತಿಗೆ ಬಂಗಾಳದಲ್ಲಿ 1943ರ ಬರ. ಹಳ್ಳಿಯವರು ಅನ್ನದ ಗಂಜಿ ಬೇಡುತ್ತಾ ನಗರದ ಬೀದಿಗಳಲ್ಲಿ ಸತ್ತರು. ಆ ದೃಶ್ಯ ನೋಡಿದ ಒಂದು ಇಡೀ ತಲೆಮಾರಿನ ಕಲಾವಿದರು ಎಡಪಂಥದ ಕಡೆ ತಿರುಗಿದರು. ಸಲಿಲ್ ಅವರಲ್ಲೊಬ್ಬರು. ಭಾರತೀಯ ಜನ ನಾಟ್ಯ ಸಂಘ, ಅಂದರೆ ಇಪ್ಟಾ, ಸೇರಿದರು. ರೈತರ ಸಭೆಗೊಂದು ಹಾಡು, ಮುಷ್ಕರಕ್ಕೊಂದು ಹಾಡು. ಬರೆಯುವುದು, ರಾಗ ಹಾಕುವುದು, ಹಾಡಿಸುವುದು ಎಲ್ಲ ಅವರದೇ. ಪೊಲೀಸರು ಹುಡುಕಿದಾಗ ಭೂಗತರಾಗಿ ಹಳ್ಳಿಗಳಲ್ಲಿ ಅಡಗಿದರು.

ಇಪ್ಟಾ ಎಂಬ ಹೆಸರನ್ನು ಇಲ್ಲಿ ನೆನಪಿಟ್ಟುಕೊಳ್ಳಿ. ಮುಂದೆ ಸಲಿಲ್ ಅವರ ಸಿನಿಮಾ ಬದುಕಿನ ಅರ್ಧ ಬಾಗಿಲುಗಳು ಇದೇ ಕೀಲಿಯಿಂದ ತೆರೆದುಕೊಂಡವು.

ಮೆಟ್ಟಿಲ ಮೇಲೆ ನೆನಪಾದ ಹಾಡು

ಮೊದಲ ಬಾಗಿಲು ಹೇಮಂತ ಮುಖರ್ಜಿ ಅವರದು, ಹಿಂದಿಯವರಿಗೆ ಹೇಮಂತ್ ಕುಮಾರ್. ಇಪ್ಟಾ ನಂಟಿನಿಂದಲೇ ಪರಿಚಯ. ಸಲಿಲ್ ಒಂದು ದಿನ ತಮ್ಮ ಹಾಡುಗಳನ್ನು ಹೊತ್ತು ಹೇಮಂತ ಅವರ ಮನೆಗೆ ಹೋದರು. ಹೋರಾಟದ ಗೀತೆಗಳೇ ಹೆಚ್ಚು. ರೆಕಾರ್ಡ್ ಕಂಪನಿ ಇವನ್ನು ತೆಗೆದುಕೊಳ್ಳುವುದಿಲ್ಲವೆಂದು ಹೇಮಂತ ಹೇಳಿದರು. ಸಲಿಲ್ ಹೊರಟರು. ಮೆಟ್ಟಿಲಿಳಿಯುವಾಗ ಅರ್ಧ ಮಾಡಿಟ್ಟಿದ್ದ ಇನ್ನೊಂದು ಹಾಡು ನೆನಪಾಗಿ ವಾಪಸ್ ಬಂದು ಅದನ್ನು ಹಾಡಿ ತೋರಿಸಿದರು. ಬಂಗಾಳದಲ್ಲಿ ಇಂದಿಗೂ ಹೇಳುವ ಪ್ರಸಂಗವಿದು. ಆ ಹಾಡೇ 'ಗಾಂಯೇರ್ ಬಧು'. ಬರಕ್ಕೆ ಸಿಕ್ಕಿ ಹಾಳಾದ ಹಳ್ಳಿಯ ಸೊಸೆಯೊಬ್ಬಳ ಕಥನಗೀತೆ. 78 ಆರ್‌ಪಿಎಂ ತಟ್ಟೆಯ ಒಂದು ಬದಿಗೆ ಹಿಡಿಸದೆ ಎರಡೂ ಬದಿ ತುಂಬಿಕೊಂಡಿತು. 1949ರಲ್ಲಿ ಅದು ಹೊರಬಂದಾಗ ಬಂಗಾಳದ ಮನೆಮನೆಯಲ್ಲಿ ಸಲಿಲ್ ಹೆಸರು ಗೊತ್ತಾಯಿತು.

ಆದರೆ ಅದೇ ಹಾಡಿಗೆ ಸಂಗಾತಿಗಳಿಂದ ಆಕ್ಷೇಪ ಬಂತು. ಹೋರಾಟಕ್ಕೆ ಕರೆಯುವ ಬದಲು ಕಣ್ಣೀರು ಹಾಕಿಸುತ್ತದೆ ಎಂಬ ದೂರು. ಕಂಪನಿಗೆ ಬೇಡವಾದ ಹಾಡು ಪಕ್ಷಕ್ಕೆ ಬೇಕು, ಜನರಿಗೆ ಬೇಕಾದ ಹಾಡು ಪಕ್ಷಕ್ಕೆ ಬೇಡ. ಸಲಿಲ್ ಮುಂದೆಂದೂ ಈ ಇಕ್ಕಟ್ಟಿನಿಂದ ಪೂರ್ತಿ ಹೊರಬರಲಿಲ್ಲ ಎನ್ನುವುದು ಅವರ ಬದುಕನ್ನು ಓದಿದವರಿಗೆ ಅನಿಸದೇ ಇರದು. ಸಿನಿಮಾಕ್ಕೆ ಹೋದದ್ದನ್ನೇ ದ್ರೋಹವೆಂದು ಕಂಡ ಹಳೆಯ ಗೆಳೆಯರೂ ಇದ್ದರು.

ಅದೇ 1949ರಲ್ಲಿ ಸತ್ಯೇನ್ ಬೋಸ್ ನಿರ್ದೇಶನದ ಬಂಗಾಳಿ ಚಿತ್ರ 'ಪರಿವರ್ತನ್' ಸಲಿಲ್ ಅವರ ಮೊದಲ ಸಿನಿಮಾ ಆಯಿತು.

ಮೋಹನ್ ಸ್ಟುಡಿಯೋದ ಬಂಗಾಳಿ ಬಳಗ

ಕೋಲ್ಕತ್ತಾದ ನ್ಯೂ ಥಿಯೇಟರ್ಸ್ ಸೊರಗತೊಡಗಿದಾಗ ಅಲ್ಲಿನ ಛಾಯಾಗ್ರಾಹಕ ಮತ್ತು ನಿರ್ದೇಶಕ ಬಿಮಲ್ ರಾಯ್ ತಮ್ಮ ಪುಟ್ಟ ತಂಡವನ್ನು ಕಟ್ಟಿಕೊಂಡು ಬಾಂಬೆಗೆ ಬಂದಿದ್ದರು. ಸಂಕಲನಕಾರ ಹೃಷಿಕೇಶ್ ಮುಖರ್ಜಿ, ಲೇಖಕ ನಬೇಂದು ಘೋಷ್ ಮೊದಲಾದವರು ಆ ತಂಡದಲ್ಲಿದ್ದರು. ಅಂಧೇರಿಯ ಮೋಹನ್ ಸ್ಟುಡಿಯೋ ಮುಂದೆ ಅವರ ನೆಲೆಯಾಯಿತು. 1952ರಲ್ಲಿ ಭಾರತದಲ್ಲಿ ಮೊದಲ ಬಾರಿಗೆ ನಡೆದ ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ 'ಬೈಸಿಕಲ್ ಥೀವ್ಸ್' ನೋಡಿದ ಬಿಮಲ್ ರಾಯ್ ಅಂಥದೊಂದು ಕಥೆಗಾಗಿ ಹುಡುಕುತ್ತಿದ್ದರು.

ಸಲಿಲ್ ಬರೆದಿದ್ದ 'ರಿಕ್ಷಾವಾಲಾ' ಕಥೆಗೆ ಮೊದಲು ಕಿವಿಗೊಟ್ಟವರು ಹೃಷಿಕೇಶ್ ಮುಖರ್ಜಿ. ಇದನ್ನು ಬಿಮಲ್ ರಾಯ್ ಅವರಿಗೆ ಹೇಳಲೇಬೇಕು ಎಂದು ಹಟ ಹಿಡಿದವರೂ ಅವರೇ. ಜಮೀನು ಉಳಿಸಿಕೊಳ್ಳಲು ಹಣ ಹೊಂದಿಸಬೇಕಾದ ರೈತನೊಬ್ಬ ಕೋಲ್ಕತ್ತಾಗೆ ಹೋಗಿ ರಿಕ್ಷಾ ಎಳೆಯುತ್ತಾನೆ, ಕೊನೆಗೆ ಜಮೀನೂ ಹೋಗುತ್ತದೆ. ಕೇಳಿದ ಬಿಮಲ್ ರಾಯ್ ಸಲಿಲ್ ಅವರನ್ನು ಬಾಂಬೆಗೆ ಕರೆಸಿಕೊಂಡರು. ಚಿತ್ರಕಥೆಯನ್ನೂ ಸಂಕಲನವನ್ನೂ ಹೃಷಿಕೇಶ್ ನೋಡಿಕೊಂಡರು. ಸಂಗೀತ ಸಲಿಲ್ ಅವರ ಪಾಲಿಗೆ ಬಂತು.

ಹಾಡು ಬರೆದವರು ಶೈಲೇಂದ್ರ. ಮಾಟುಂಗಾ ರೈಲ್ವೆ ವರ್ಕ್‌ಶಾಪ್‌ನಲ್ಲಿ ದುಡಿಯುತ್ತಾ ಇಪ್ಟಾ ಸಭೆಗಳಲ್ಲಿ ಕವಿತೆ ಓದುತ್ತಿದ್ದ ಮನುಷ್ಯ. ಮಾಟುಂಗಾ ಎಂದರೆ ಇಡ್ಲಿ, ಫಿಲ್ಟರ್ ಕಾಫಿ ಎಂದಷ್ಟೇ ತಿಳಿದಿರುವ ಮುಂಬೈ ಕನ್ನಡಿಗರಿಗೆ ಇದು ಹೊಸ ಸುದ್ದಿಯಾಗಬಹುದು. ರಿಕ್ಷಾ ಎಳೆದ ನಾಯಕ ಬಲರಾಜ್ ಸಾಹ್ನಿ, ಅವರೂ ಇಪ್ಟಾದ ಮುಂದಾಳು. ಕಥೆಗಾರ, ಕವಿ, ನಟ ಮೂವರೂ ಒಂದೇ ಚಳವಳಿಯಿಂದ ಬಂದವರು. 1953ರಲ್ಲಿ ತೆರೆಕಂಡ 'ದೋ ಬಿಘಾ ಜಮೀನ್' ಮೊದಲ ಫಿಲ್ಮ್‌ಫೇರ್ ಶ್ರೇಷ್ಠ ಚಿತ್ರ ಪ್ರಶಸ್ತಿ ಪಡೆಯಿತು, ಮರುವರ್ಷ ಕಾನ್ ಚಿತ್ರೋತ್ಸವದಲ್ಲೂ ಗೌರವ ಗಳಿಸಿತು.

ಆ ಕಾಲದಲ್ಲಿ ಸಂಗೀತ ನಿರ್ದೇಶಕರ ಆಯ್ಕೆ ಹೇಗೆ ನಡೆಯುತ್ತಿತ್ತು ಎಂದು ಸ್ವಲ್ಪ ಹೇಳಬೇಕು. ಚಿತ್ರಕ್ಕೆ ಹಣ ಬರುತ್ತಿದ್ದುದು ಬಹುಪಾಲು ವಿತರಕರ ಮುಂಗಡದಿಂದ. ವಿತರಕರು ಪೋಸ್ಟರ್ ಮೇಲೆ ಯಾರ ಹೆಸರಿದೆ ಎಂದು ನೋಡಿಯೇ ಕೈ ಬಿಚ್ಚುತ್ತಿದ್ದರು. ನಾಯಕನ ಹೆಸರಿನಷ್ಟೇ ಸಂಗೀತ ನಿರ್ದೇಶಕರ ಹೆಸರಿಗೂ ಬೆಲೆ. ಶಂಕರ್-ಜೈಕಿಶನ್, ನೌಷಾದ್, ಒ.ಪಿ. ನಯ್ಯರ್ ಎಂದರೆ ಚಿತ್ರ ಅರ್ಧ ಮಾರಾಟವಾದಂತೆ. ಹೊಸಬರ ಟ್ಯೂನ್ ಎಷ್ಟೇ ಚೆನ್ನಾಗಿರಲಿ, ಅವರಿಲ್ಲದ ಕೋಣೆಯಲ್ಲಿ ಅವರ ಪರವಾಗಿ ಮಾತಾಡುವವರೊಬ್ಬರು ಬೇಕಾಗಿತ್ತು. ಸಲಿಲ್ ಅವರ ಪಾಲಿಗೆ ಆ ವ್ಯಕ್ತಿ ಬಹಳ ಸಲ ಹೃಷಿಕೇಶ್ ಮುಖರ್ಜಿ ಅಥವಾ ಬಿಮಲ್ ರಾಯ್.

1954ರ 'ನೌಕರಿ' ಚಿತ್ರದಲ್ಲಿ ಸಲಿಲ್ ತಾವೇ ಬಾಗಿಲಿನ ಈಚೆ ಬದಿಯಲ್ಲಿ ನಿಂತಿದ್ದರು. ನಾಯಕ ಕಿಶೋರ್ ಕುಮಾರ್. ತನ್ನ ಪಾತ್ರಕ್ಕೆ ತಾನೇ ಹಾಡುತ್ತೇನೆಂದು ಕಿಶೋರ್ ಕೇಳಿಕೊಂಡರು. ಅವರ ಹಾಡು ಕೇಳಿ ಗೊತ್ತಿಲ್ಲದ ಸಲಿಲ್ ಒಪ್ಪಲಿಲ್ಲ, ಹೇಮಂತ ಕುಮಾರ್ ಹಾಡಬೇಕೆಂದು ಅವರ ಯೋಜನೆ. ಕಿಶೋರ್ ಬೆನ್ನು ಬಿಡದೆ ಕೊನೆಗೆ ಒಪ್ಪಿಸಿದರು. ಎಂಟು ವರ್ಷಗಳ ನಂತರ 'ಹಾಫ್ ಟಿಕೆಟ್' ಚಿತ್ರದ ಒಂದು ಯುಗಳಗೀತೆಗೆ ಲತಾ ಸಿಗದೇ ಹೋದಾಗ ಗಂಡು ದನಿ, ಹೆಣ್ಣು ದನಿ ಎರಡನ್ನೂ ಅದೇ ಕಿಶೋರ್ ಅವರಿಂದ ಹಾಡಿಸಿದವರು ಸಲಿಲ್. ಹಿಂದಿ ಸಿನಿಮಾದ ಅತ್ಯಂತ ತಮಾಷೆಯ ಧ್ವನಿಮುದ್ರಣಗಳಲ್ಲಿ ಅದೂ ಒಂದು.

ರಾಜ್ ಕಪೂರ್ ಅವರ ಆರ್.ಕೆ. ಸಂಸ್ಥೆಗೆ ಶಂಕರ್-ಜೈಕಿಶನ್ ಬಿಟ್ಟರೆ ಬೇರೆಯವರಿಲ್ಲ ಎನ್ನುವ ದಿನಗಳಲ್ಲೇ ಸಲಿಲ್ ಅಲ್ಲಿಗೂ ಕಾಲಿಟ್ಟರು. ಹೇಗೆ? 1956ರ 'ಜಾಗ್ತೇ ರಹೋ' ಚಿತ್ರವನ್ನು ನಿರ್ದೇಶಿಸಲು ರಾಜ್ ಕಪೂರ್ ಕರೆಸಿದ್ದು ಬಂಗಾಳಿ ರಂಗಭೂಮಿಯ ಶಂಭು ಮಿತ್ರ ಮತ್ತು ಅಮಿತ್ ಮೈತ್ರ ಅವರನ್ನು. ಶಂಭು ಮಿತ್ರ ಇಪ್ಟಾದ ಹಳೆಯ ಹುಲಿ. ಚಿತ್ರ ಬಂಗಾಳಿಯಲ್ಲೂ ತಯಾರಾಗಬೇಕಿತ್ತು. ಸಂಗೀತ ಸಲಿಲ್ ಅವರದ್ದಾಯಿತು. ಒಂದು ಲೋಟ ನೀರಿಗಾಗಿ ರಾತ್ರಿಯಿಡೀ ಅಲೆಯುವ ಹಳ್ಳಿಗನ ಈ ಕಥೆ 1957ರಲ್ಲಿ ಕಾರ್ಲೊವಿ ವಾರಿ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಗೆದ್ದಿತು. ಮುಂದೆ ರಾಜ್ ಕಪೂರ್ ಮತ್ತೆ ಶಂಕರ್-ಜೈಕಿಶನ್ ಬಳಿಗೇ ಹೋದರು.

ಅದೇ ಹೊತ್ತಿಗೆ ಹೃಷಿಕೇಶ್ ಮುಖರ್ಜಿ ಸ್ವತಂತ್ರ ನಿರ್ದೇಶಕರಾದರು. 1957ರ 'ಮುಸಾಫಿರ್' ಅವರ ಮೊದಲ ಚಿತ್ರ. ಚಿತ್ರಕಥೆಯಲ್ಲಿ ಋತ್ವಿಕ್ ಘಟಕ್ ಕೈಯಿತ್ತು, ಅವರೂ ಇಪ್ಟಾದವರೇ. ಸಂಗೀತಕ್ಕೆ ಬೇರೆ ಹೆಸರು ಯೋಚಿಸುವ ಅಗತ್ಯವೇ ಬೀಳಲಿಲ್ಲ. ಈ ಚಿತ್ರದಲ್ಲಿ ಸಲಿಲ್ ದಿಲೀಪ್ ಕುಮಾರ್ ಅವರನ್ನು ಮೈಕ್ ಮುಂದೆ ನಿಲ್ಲಿಸಿ ಲತಾ ಜತೆ ಹಾಡಿಸಿದರು.

ಮುಂದಿನ ವರ್ಷವೇ 'ಮಧುಮತಿ'. ಬಿಮಲ್ ರಾಯ್ ನಿರ್ದೇಶನ, ಋತ್ವಿಕ್ ಘಟಕ್ ಕಥೆ, ದಿಲೀಪ್ ಕುಮಾರ್ ಮತ್ತು ವೈಜಯಂತಿಮಾಲಾ, ಶೈಲೇಂದ್ರ ಗೀತೆಗಳು. ಹೆಸರುಗಳನ್ನು ಗಮನಿಸಿ: 'ಮುಸಾಫಿರ್' ಸೆಟ್ಟಿನ ಬಳಗವೇ ಹೆಚ್ಚುಕಡಿಮೆ ಇಲ್ಲಿಗೆ ದಾಟಿ ಬಂದಿದೆ. ನೈನಿತಾಲ್ ಕಡೆ ಚಿತ್ರೀಕರಣ ನಡೆಸಿ, ಉಳಿದ ಭಾಗಗಳಿಗೆ ಇಗತ್‌ಪುರಿ ಸಮೀಪದ ವೈತರಣಾ ಕಣಿವೆಯಲ್ಲಿ ಮಂಜಿನ ಹೊಗೆ ಹಾಯಿಸಿ ಕುಮಾವೋಂ ಬೆಟ್ಟಗಳನ್ನು ಮರುಸೃಷ್ಟಿಸಿದ ಚಿತ್ರವದು. ಹಾಡುಗಳು ದೇಶವನ್ನೇ ಆವರಿಸಿದವು. ಫಿಲ್ಮ್‌ಫೇರ್‌ನಲ್ಲಿ 9 ಪ್ರಶಸ್ತಿಗಳು ಬಂದವು. ಸಲಿಲ್ ಶ್ರೇಷ್ಠ ಸಂಗೀತ ನಿರ್ದೇಶಕರಾದರು. ಗಾಯನಕ್ಕೆಂದು ಫಿಲ್ಮ್‌ಫೇರ್ ಆರಂಭಿಸಿದ ಮೊದಲ ಪ್ರಶಸ್ತಿ ಇದೇ ಚಿತ್ರದ ಹಾಡಿಗಾಗಿ ಲತಾ ಅವರಿಗೆ ಸಿಕ್ಕಿತು.

ಇಷ್ಟು ದೊಡ್ಡ ಗೆಲುವಿನ ನಂತರ ಬಿಮಲ್ ರಾಯ್ ಸದಾ ಸಲಿಲ್ ಅವರನ್ನೇ ಕರೆದರು ಎಂದುಕೊಂಡರೆ ತಪ್ಪಾಗುತ್ತದೆ. 1959ರ 'ಸುಜಾತಾ' ಮತ್ತು 1963ರ 'ಬಂದಿನಿ' ಎಸ್.ಡಿ. ಬರ್ಮನ್ ಪಾಲಾದವು. ಹೃಷಿಕೇಶ್ ಕೂಡ 'ಅನಾರಿ'ಗೆ ಶಂಕರ್-ಜೈಕಿಶನ್ ಅವರನ್ನು, 'ಅನುರಾಧಾ'ಗೆ ರವಿಶಂಕರ್ ಅವರನ್ನು ಆರಿಸಿಕೊಂಡರು. ಸ್ನೇಹ ಸ್ನೇಹವೇ, ಚಿತ್ರ ಚಿತ್ರವೇ. ಸಲಿಲ್ ಪಾಲಿಗೆ ಬಂದದ್ದು 1960ರ 'ಪರಖ್', ಅದರ ಕಥೆಯೂ ಅವರದೇ. ಮಳೆಯ ರಾತ್ರಿಯ ಒಂದು ಹಾಡನ್ನು ಲತಾ ತಮ್ಮ ಅಚ್ಚುಮೆಚ್ಚಿನದೆಂದು ಕೊನೆಯವರೆಗೂ ನೆನೆಯುತ್ತಿದ್ದರು. ನಂತರ ಬಿಮಲ್ ರಾಯ್ ನಿರ್ಮಾಣದ 'ಕಾಬೂಲಿವಾಲಾ', ಅಲ್ಲಿ ಮತ್ತೆ ಬಲರಾಜ್ ಸಾಹ್ನಿ, ಜತೆಗೆ ಮನ್ನಾ ಡೇ ದನಿ. ಅದೇ ಚಿತ್ರದಲ್ಲಿ ಗುಲ್ಜಾರ್ ಎಂಬ ಹುಡುಗ ಒಂದು ಹಾಡು ಬರೆದ. ಹತ್ತು ವರ್ಷದ ನಂತರ ಆ ಹುಡುಗ ನಿರ್ದೇಶಕನಾಗಿ ಮೊದಲ ಚಿತ್ರ 'ಮೇರೆ ಅಪ್ನೆ' ಮಾಡಿದಾಗ ಸಂಗೀತಕ್ಕೆ ಕರೆದದ್ದು ಸಲಿಲ್ ಅವರನ್ನೇ.

ಸಲಿಲ್ ಹಾಡುಗಳು ಸುಲಭವಾಗಿರಲಿಲ್ಲ ಎನ್ನುವುದನ್ನೂ ಹೇಳಬೇಕು. ಗುನುಗಲು ಹಗುರ, ಹಾಡಲು ಹೋದರೆ ಬೆವರು. ಸ್ವರ ಎಲ್ಲಿಂದ ಎಲ್ಲಿಗೆ ಹಾರುತ್ತದೆಂದು ಊಹಿಸಲು ಬಾರದು. ಹಾಡುವ ದನಿಯ ಹಿಂದೆ ಇನ್ನೊಂದು ರಾಗ, ಅದರ ಹಿಂದೆ ಕೋರಸ್. ಈ ಸಮೂಹಗಾನದ ಹುಚ್ಚಿನಿಂದಲೇ ಅವರು ಬಾಂಬೆ ಯೂತ್ ಕ್ವಾಯರ್ ಕಟ್ಟಿದರು. ಸಿನಿಮಾ ಬಿಡುವಿನಲ್ಲಿ ಹುಡುಗ ಹುಡುಗಿಯರನ್ನು ಸೇರಿಸಿ ಹಲವು ದನಿಗಳಲ್ಲಿ ಭಾರತೀಯ ಹಾಡುಗಳನ್ನು ಹಾಡಿಸುವ ತಂಡ.

ಬಾಂಬೆ ಮೌನವಾದಾಗ ಕೇರಳ ಕರೆಯಿತು

1966 ಸಲಿಲ್ ಪಾಲಿಗೆ ಕೆಟ್ಟ ವರ್ಷ. ಜನವರಿ 8ರಂದು ಬಿಮಲ್ ರಾಯ್ ತೀರಿಕೊಂಡರು. ಡಿಸೆಂಬರ್ 14ರಂದು ಶೈಲೇಂದ್ರ ಹೋದರು. ಅದೇ ವರ್ಷ ಸಲಿಲ್ ತಾವೇ ನಿರ್ದೇಶಿಸಿದ 'ಪಿಂಜ್ರೆ ಕೆ ಪಂಛಿ' ಚಿತ್ರಮಂದಿರಗಳಲ್ಲಿ ನಿಲ್ಲಲಿಲ್ಲ. ಮೀನಾ ಕುಮಾರಿ, ಬಲರಾಜ್ ಸಾಹ್ನಿ, ಮೆಹಮೂದ್ ಇದ್ದೂ ಜನ ಬರಲಿಲ್ಲ. ಮಾತಾಡುವವರು ಹೋದ ಮೇಲೆ ಕೋಣೆ ಮೌನವಾಯಿತು. ಮುಂದಿನ ಕೆಲವು ವರ್ಷ ಹಿಂದಿಯಲ್ಲಿ ಅವರಿಗೆ ಸಿಕ್ಕ ಗಟ್ಟಿ ಅವಕಾಶಗಳು ಬೆರಳೆಣಿಕೆಯಷ್ಟು.

ಆ ಹೊತ್ತಿಗೆ ಹಿನ್ನೆಲೆ ಸಂಗೀತ ಅವರ ಕೈ ಹಿಡಿದಿತ್ತು. ಬಿ.ಆರ್. ಚೋಪ್ರಾ ಹಾಡುಗಳೇ ಇಲ್ಲದ ಎರಡು ಚಿತ್ರ ನಿರ್ದೇಶಿಸಿದ್ದು, ಕೈಗೊಂಡಿದ್ದು ನೆನಪಿರಬಹುದು: 1960ರ 'ಕಾನೂನ್', ಅದನ್ನು ಅವರೇ ನಿರ್ದೇಶಿಸಿದರು, 1969ರ 'ಇತ್ತೆಫಾಕ್', ಅವರ ನಿರ್ಮಾಣ, ತಮ್ಮ ಯಶ್ ಚೋಪ್ರಾ ನಿರ್ದೇಶನ. ಎರಡಕ್ಕೂ ಹಿನ್ನೆಲೆ ಸಂಗೀತ ಸಲಿಲ್. ಹಾಡಿಲ್ಲದ ಚಿತ್ರದಲ್ಲಿ ಸಂಗೀತ ನಿರ್ದೇಶಕನ ಹೆಸರನ್ನು ಪ್ರೇಕ್ಷಕ ನೆನಪಿಡುವುದಿಲ್ಲ, ನಿರ್ಮಾಪಕ ನೆನಪಿಡುತ್ತಾನೆ. ಕೆಲವೇ ವರ್ಷಗಳಲ್ಲಿ ಬಿ.ಆರ್. ಚೋಪ್ರಾ ನಿರ್ಮಿಸಿದ 'ಛೋಟಿ ಸಿ ಬಾತ್' ಚಿತ್ರದ ಹಾಡುಗಳು ಸಲಿಲ್ ಅವರ ಕೈಗೆ ಬಂದವು. ಬೇರೆಯವರ ಚಿತ್ರಗಳಿಗೂ ಅವರು ತೆರೆಮರೆಯಲ್ಲಿ ದುಡಿದರು. ಮದನ್ ಮೋಹನ್ ನಿಧನದ ನಂತರ ಬಂದ 'ಮೌಸಮ್'ಗೆ ಹಿನ್ನೆಲೆ ಸಂಗೀತ ಅವರದು.

ಆದರೆ ನಿಜವಾಗಿ ಎರಡನೇ ಬದುಕು ಕೊಟ್ಟದ್ದು ಕೇರಳ. ಎಡಪಂಥೀಯ ರಂಗಭೂಮಿಯ ಒಡನಾಟವಿದ್ದ ನಿರ್ದೇಶಕ ರಾಮು ಕಾರ್ಯಾಟ್, ತಕಳಿ ಶಿವಶಂಕರ ಪಿಳ್ಳೆ ಅವರ 'ಚೆಮ್ಮೀನ್' ಕಾದಂಬರಿಯನ್ನು ತೆರೆಗೆ ತರುವಾಗ ದೇಶದ ಬೇರೆ ಬೇರೆ ಕಡೆಯಿಂದ ತಂತ್ರಜ್ಞರನ್ನು ಸೇರಿಸಿದರು. ಛಾಯಾಗ್ರಹಣಕ್ಕೆ ಮಾರ್ಕಸ್ ಬಾರ್ಟ್ಲಿ, ಸಂಕಲನಕ್ಕೆ ಹೃಷಿಕೇಶ್ ಮುಖರ್ಜಿ, ಸಂಗೀತಕ್ಕೆ ಸಲಿಲ್ ಚೌಧರಿ. ಮಲಯಾಳಂ ಬಾರದ ಬಂಗಾಳಿ ಸಂಗೀತಗಾರ, ಅದರ ಒಂದು ಹಾಡಿಗೆ ಮಲಯಾಳಂ ಬಾರದ ಮತ್ತೊಬ್ಬ ಬಂಗಾಳಿ ಗಾಯಕ ಮನ್ನಾ ಡೇ. ಮನ್ನಾ ಡೇ ಪತ್ನಿ ಸುಲೋಚನಾ ಮಲಯಾಳಿಯಾಗಿದ್ದದ್ದು ಅನುಕೂಲವಾಯಿತು. 1965ರ ಶ್ರೇಷ್ಠ ಚಿತ್ರಕ್ಕಾಗಿ ರಾಷ್ಟ್ರಪತಿಗಳ ಚಿನ್ನದ ಪದಕ 'ಚೆಮ್ಮೀನ್'ಗೆ ಬಂತು. ದಕ್ಷಿಣ ಭಾರತದ ಚಿತ್ರವೊಂದಕ್ಕೆ ಆ ಪದಕ ಸಿಕ್ಕಿದ್ದು ಅದೇ ಮೊದಲು. ವಯಲಾರ್ ಸಾಹಿತ್ಯ, ಯೇಸುದಾಸ್ ಕಂಠ, ಸಲಿಲ್ ರಾಗ: ಮಲಯಾಳಿಗಳಿಗೆ ಸಲಿಲ್ ಹೊರಗಿನವರು ಅನಿಸಲೇ ಇಲ್ಲ. 20ಕ್ಕೂ ಹೆಚ್ಚು ಮಲಯಾಳಂ ಚಿತ್ರಗಳಿಗೆ ಅವರು ಸಂಗೀತ ಕೊಟ್ಟರು. 1974ರ 'ನೆಲ್ಲು' ಚಿತ್ರದಲ್ಲಿ ಲತಾ ಮಂಗೇಶ್ಕರ್ ಅವರಿಂದಲೂ ಮಲಯಾಳಂ ಹಾಡಿಸಿದರು.

ದಕ್ಷಿಣದ ಈ ಧ್ವನಿಮುದ್ರಣಗಳಲ್ಲಿ ಅವರ ಸುತ್ತ ಇದ್ದವರನ್ನು ನೋಡಿ. ಮಲಯಾಳಂ ಚಿತ್ರಗಳಲ್ಲಿ ಅವರ ಸಹಾಯಕರಾಗಿ ದುಡಿದವರು ಆರ್.ಕೆ. ಶೇಖರ್, ಅಂದರೆ ಎ.ಆರ್. ರೆಹಮಾನ್ ಅವರ ತಂದೆ. ವಾದ್ಯವೃಂದದಲ್ಲಿ ಗಿಟಾರ್ ಹಿಡಿದು ಕೂತಿದ್ದ ಯುವಕ ಮುಂದೆ ಇಳಯರಾಜ ಎಂದು ಹೆಸರಾದರು. ನಮ್ಮ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿದ್ದುಕೊಂಡೇ ಇಳಯರಾಜ ಸಲಿಲ್ ಅವರ ತಂಡದಲ್ಲೂ ನುಡಿಸುತ್ತಿದ್ದರು. ಸ್ವರಲಿಪಿ ಓದಿ ನುಡಿಸುವುದು, ಒಂದು ರಾಗದ ಕೆಳಗೆ ಇನ್ನೊಂದನ್ನು ಹರಿಸುವುದು ಅಲ್ಲಿ ದಿನನಿತ್ಯದ ಕೆಲಸ. 'ಅನ್ನಕ್ಕಿಳಿ' ಬಂದದ್ದು 1976ರಲ್ಲಿ.

'ನೆಲ್ಲು' ಸೆಟ್ಟಿನ ಕ್ಯಾಮೆರಾಮನ್

ಕನ್ನಡಕ್ಕೆ ಸಲಿಲ್ ಮೊದಲು ಬಂದದ್ದು 1971ರ 'ಸಂಶಯ ಫಲ' ಚಿತ್ರದ ಮೂಲಕ, ನಿರ್ದೇಶಕ ಎ.ಎಂ. ಸಮೀವುಲ್ಲಾ. ಅದೇ ನಿರ್ದೇಶಕರ 'ಒಂದೇ ರೂಪ ಎರಡು ಗುಣ' 1975ರಲ್ಲಿ, 'ಚಿನ್ನಾ ನಿನ್ನ ಮುದ್ದಾಡುವೆ' 1977ರಲ್ಲಿ. ಒಬ್ಬ ನಿರ್ದೇಶಕ ಒಮ್ಮೆ ಕೆಲಸ ಮಾಡಿ ಮತ್ತೆ ಮತ್ತೆ ಕರೆಯುವ ಹಳೆಯ ಕ್ರಮವೇ ಇಲ್ಲೂ. ಈ ಮೂರರ ಹಾಡುಗಳನ್ನು ರೇಡಿಯೋ ಕಾಲದ ಕನ್ನಡಿಗರು ಈಗಲೂ ಹುಡುಕಿ ಕೇಳುತ್ತಾರೆ, ಆದರೆ ಸಂಗೀತ ಯಾರದೆಂದು ಕೇಳಿದರೆ ಬಹಳ ಮಂದಿ ತಡವರಿಸುತ್ತಾರೆ.

'ಕೋಕಿಲ'ದ ದಾರಿ ಇನ್ನೂ ಸ್ವಾರಸ್ಯಕರ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಛಾಯಾಗ್ರಹಣ ಕಲಿತ ಬಾಲು ಮಹೇಂದ್ರ ಅವರ ಡಿಪ್ಲೊಮಾ ಚಿತ್ರವನ್ನು ನೋಡಿ ಮೆಚ್ಚಿದ ರಾಮು ಕಾರ್ಯಾಟ್ ಅವರಿಗೆ 'ನೆಲ್ಲು' ಚಿತ್ರದ ಕ್ಯಾಮೆರಾ ಕೊಟ್ಟರು. ವಯನಾಡಿನ ಕಾಡು, ಗದ್ದೆಗಳ ನಡುವಿನ ಚಿತ್ರವದು, ನಮ್ಮ ಕೊಡಗಿನ ಆಚೆ ಬದಿ. ಸಂಗೀತ ಸಲಿಲ್. ಆ ಚಿತ್ರದಲ್ಲಿ ಜತೆಯಾದ ಛಾಯಾಗ್ರಾಹಕ ಮೂರು ವರ್ಷದ ನಂತರ, 1977ರಲ್ಲಿ, ತಾನೇ ನಿರ್ದೇಶಕನಾಗಿ ಮೊದಲ ಚಿತ್ರ ಮಾಡಿದಾಗ ಸಂಗೀತಕ್ಕೆ ಸಲಿಲ್ ಅವರನ್ನು ಕರೆದ. ಆ ಮೊದಲ ಚಿತ್ರ ತಮಿಳಲ್ಲ, ಮಲಯಾಳವಲ್ಲ, ಕನ್ನಡ.

ಕಮಲ್ ಹಾಸನ್, ಶೋಭಾ, ರೋಜಾರಮಣಿ ಜತೆಗೆ ಬೆಂಗಳೂರು ರಂಗಭೂಮಿಯ ಮೋಹನ್ ಎಂಬ ಹೊಸ ಹುಡುಗ. ಮುಂದೆ ತಮಿಳಿನಲ್ಲಿ ದೊಡ್ಡ ತಾರೆಯಾದ ಈ ಮೋಹನ್ ಹೆಸರಿನ ಹಿಂದೆ 'ಕೋಕಿಲ' ಅಂಟಿಕೊಂಡೇ ಉಳಿಯಿತು. ಬ್ಯಾಂಕ್ ನೌಕರನೊಬ್ಬ ಬಾಡಿಗೆಗಿರುವ ಮನೆಯಲ್ಲಿ ನಡೆಯುವ ಸಣ್ಣ ಕಥೆ. ಕಪ್ಪುಬಿಳುಪಿನ ಚಿತ್ರಕ್ಕೆ ಬಾಲು ಮಹೇಂದ್ರ ಅವರಿಗೆ ಛಾಯಾಗ್ರಹಣದ ರಾಷ್ಟ್ರಪ್ರಶಸ್ತಿ ಬಂತು. ಚೆನ್ನೈನಲ್ಲಿ ಕನ್ನಡ ಮಾತಿನಲ್ಲೇ 150 ದಿನ ಓಡಿತು. ಕನ್ನಡ ಬಾರದ ತಮಿಳು ಪ್ರೇಕ್ಷಕರನ್ನು ಅಷ್ಟು ದಿನ ಕೂರಿಸಿದ್ದರಲ್ಲಿ ಆ ಸಂಗೀತದ ಪಾಲೂ ಸಣ್ಣದಲ್ಲ ಎಂಬುದು ನನ್ನ ನಂಬಿಕೆ. 1979ರಲ್ಲಿ ಬಾಲು ಮಹೇಂದ್ರ ತಮ್ಮ ಮೊದಲ ತಮಿಳು ಚಿತ್ರ 'ಅಳಿಯಾದ ಕೋಲಂಗಳ್'ಗೂ ಸಲಿಲ್ ಅವರನ್ನೇ ಕರೆದರು. ಅದರ ಮರುವರ್ಷದ 'ಮೂಡುಪನಿ'ಗೆ ಸಂಗೀತ ಕೊಟ್ಟವರು ಅದೇ ಹಳೆಯ ಗಿಟಾರ್ ವಾದಕ ಇಳಯರಾಜ, ಅದು ಅವರ ನೂರನೇ ಚಿತ್ರ.

ಜಾಗ ಬದಲಿಸಿದ ಹಾಡುಗಳು

ಈ ನಡುವೆ ಹಿಂದಿಯಲ್ಲಿ ಸಲಿಲ್ ಮತ್ತೆ ಎದ್ದಿದ್ದರು. ಕಾರಣ ಮತ್ತೆ ಹೃಷಿಕೇಶ್ ಮುಖರ್ಜಿ, ಚಿತ್ರ 1971ರ 'ಆನಂದ್'. ಇಲ್ಲಿನ ಹಾಡುಗಳು ಚಿತ್ರದೊಳಗೆ ಜಾಗ ಪಡೆದ ರೀತಿಯೇ ಒಂದು ಪಾಠ. ಮುಕೇಶ್ ಹಾಡಿರುವ ಮುಸ್ಸಂಜೆಯ ಹಾಡು ಮೂಲತಃ ಈ ಚಿತ್ರಕ್ಕೆಂದು ಮಾಡಿದ್ದಲ್ಲ, ನಿರ್ಮಾಪಕ ಎಲ್.ಬಿ. ಲಛ್ಮನ್ ಅವರ 'ಅನ್ನದಾತಾ'ಗೆ ಇಟ್ಟದ್ದನ್ನು ಹೃಷಿಕೇಶ್ ಕೇಳಿ ಹಟ ಹಿಡಿದು ತೆಗೆದುಕೊಂಡರು ಎಂದು ಗೀತರಚನಕಾರ ಯೋಗೇಶ್ ನಂತರದ ದಿನಗಳಲ್ಲಿ ಹೇಳಿಕೊಂಡಿದ್ದಾರೆ. ಮನ್ನಾ ಡೇ ಹಾಡಿರುವ ಇನ್ನೊಂದು ಹಾಡನ್ನು ಬರೀ ಟೈಟಲ್ ಕಾರ್ಡ್ ಹಿಂದೆ ಬಳಸುವ ಯೋಚನೆಯಿತ್ತು. ಅದನ್ನು ಕೇಳಿದ ರಾಜೇಶ್ ಖನ್ನಾ ಇಂಥ ಹಾಡು ಹಿನ್ನೆಲೆಯಲ್ಲಿ ಕಳೆದುಹೋಗಬಾರದು, ತಾನೇ ತೆರೆಯ ಮೇಲೆ ಹಾಡಬೇಕು ಎಂದು ನಿರ್ದೇಶಕರ ಮನವೊಲಿಸಿದರು. ಹಾಗಾಗಿ ಸಮುದ್ರ ತೀರ, ಬಣ್ಣದ ಬಲೂನುಗಳು, ಅವುಗಳ ಹಿಂದೆ ನಡೆಯುವ ಆನಂದ್. ಇಂದು ಆ ಚಿತ್ರ ಎಂದೊಡನೆ ನಿಮ್ಮ ಕಣ್ಣಮುಂದೆ ಬರುವುದು ಅದೇ ದೃಶ್ಯವಲ್ಲವೇ?

ಒಂದು ಭಾಷೆಯ ರಾಗವನ್ನು ಇನ್ನೊಂದಕ್ಕೆ ದಾಟಿಸುವುದು ಸಲಿಲ್ ಅವರಿಗೆ ಅಭ್ಯಾಸವೇ ಆಗಿತ್ತು. ದುರ್ಗಾಪೂಜೆಗೆಂದು ಬಂಗಾಳಿಯಲ್ಲಿ ಲತಾ ಹಾಡಿದ್ದು ಹಿಂದಿ ಚಿತ್ರಕ್ಕೆ, ಹಿಂದಿಯದ್ದು ಮಲಯಾಳಕ್ಕೆ. ಸೋಮಾರಿತನ ಎಂದು ಕೆಲವರು ಮೂಗು ಮುರಿದರು. ಆದರೆ ಎರಡು ಕಡೆಯ ವಾದ್ಯ ಸಂಯೋಜನೆ ಒಟ್ಟಿಗೆ ಕೇಳಿದರೆ ಅವು ಒಂದೇ ರಾಗದ ಎರಡು ಬೇರೆ ಹಾಡುಗಳು ಎಂದೇ ಅನಿಸುತ್ತದೆ.

'ಆನಂದ್' ನಂತರ ಬಾಸು ಚಟರ್ಜಿ ಬಂದರು. ಬಾಸು ಚಟರ್ಜಿ ಮೊದಲು ಬಾಸು ಭಟ್ಟಾಚಾರ್ಯ ಅವರ ಸಹಾಯಕ. ಬಾಸು ಭಟ್ಟಾಚಾರ್ಯ ಬಿಮಲ್ ರಾಯ್ ಅವರ ಸಹಾಯಕ. ಮೋಹನ್ ಸ್ಟುಡಿಯೋದ ಬಳ್ಳಿ ಅಲ್ಲಿಗೂ ಹಬ್ಬಿತ್ತು. 1974ರ 'ರಜನಿಗಂಧಾ'ದಲ್ಲಿ ಟ್ಯಾಕ್ಸಿಯಲ್ಲಿ ಪಕ್ಕಪಕ್ಕ ಕೂತು ಮಾತಾಡದ ಇಬ್ಬರ ಹಿಂದೆ ಕೇಳುವ ಹಾಡಿಗೆ ಮುಕೇಶ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. 'ಛೋಟಿ ಸಿ ಬಾತ್' ಕೂಡ ಬಾಸು ಚಟರ್ಜಿ ಅವರದೇ. ಅದರಲ್ಲಿ ಹಿಂದಿ ಕೇಳುಗರಿಗೆ ಹೊಸದಾದ ಒಂದು ದನಿ ಇತ್ತು: ಯೇಸುದಾಸ್. ಕೇರಳದಲ್ಲಿ ತಮಗೆ ಸಿಕ್ಕ ಕಂಠವನ್ನು ಸಲಿಲ್ ಬಾಂಬೆಗೆ ಕರೆತಂದಿದ್ದರು.

80ರ ದಶಕದ ಹೊತ್ತಿಗೆ ಹಿಂದಿ ಸಿನಿಮಾದ ಸದ್ದೇ ಬದಲಾಯಿತು. ಸಲಿಲ್ ಕೋಲ್ಕತ್ತಾಗೆ ಹೆಚ್ಚು ಹತ್ತಿರವಾದರು. ಮೃಣಾಲ್ ಸೇನ್ ಅವರ 'ಅಕಾಲೇರ್ ಸಂಧಾನೆ'ಗೆ ಸಂಗೀತ ಕೊಟ್ಟರು. 1943ರ ಬರದ ಬಗ್ಗೆ ಸಿನಿಮಾ ತೆಗೆಯಲು ಹಳ್ಳಿಗೆ ಹೋಗುವ ತಂಡದ ಕಥೆ ಅದು. ತಮ್ಮನ್ನು ಹಾಡಿಗೆ ಹಚ್ಚಿದ ಬರಕ್ಕೆ ಅವರು ಮತ್ತೆ ಎದುರಾದರು. ಪತ್ನಿ, ಗಾಯಕಿ ಸಬಿತಾ ಚೌಧರಿ ಮತ್ತು ಮಗಳು ಅಂತರಾ ಅವರ ದನಿಗಳಿಗೆ ಹಾಡು ಕಟ್ಟಿದರು. 1988ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು. ರಾಷ್ಟ್ರಮಟ್ಟದ ದೊಡ್ಡ ಮನ್ನಣೆ ಅಷ್ಟು ತಡವಾಗಿ ಬಂದದ್ದಕ್ಕೆ ಬೇಸರಪಡುವ ಅಭಿಮಾನಿಗಳು ಇಂದಿಗೂ ಇದ್ದಾರೆ.

ಕೊನೆಯ ದಿನಗಳ ಕೆಲಸವೂ ಕನ್ನಡದ ನಂಟಿನಿಂದಲೇ ಬಂದದ್ದು. 'ಹಂಸಗೀತೆ', 'ಆದಿ ಶಂಕರಾಚಾರ್ಯ' ಮಾಡಿದ ನಮ್ಮ ಜಿ.ವಿ. ಅಯ್ಯರ್ ಹಿಂದಿಯಲ್ಲಿ 'ಸ್ವಾಮಿ ವಿವೇಕಾನಂದ' ಕೈಗೆತ್ತಿಕೊಂಡಾಗ ಬಂಗಾಳದ ಸಂತನ ಕಥೆಗೆ ಸಂಗೀತ ಕೊಡಲು ಸಲಿಲ್ ಅವರನ್ನು ಆರಿಸಿಕೊಂಡರು. ಸಾಹಿತ್ಯಕ್ಕೆ 'ಕಾಬೂಲಿವಾಲಾ' ಕಾಲದ ಆ ಹುಡುಗ, ಗುಲ್ಜಾರ್. ರಾಮಕೃಷ್ಣ ಪರಮಹಂಸರಾಗಿ ಮಿಥುನ್ ಚಕ್ರವರ್ತಿ ರಾಷ್ಟ್ರಪ್ರಶಸ್ತಿ ಪಡೆದರು. 1995ರ ಸೆಪ್ಟೆಂಬರ್ 5ರಂದು ಸಲಿಲ್ ಚೌಧರಿ ಕೋಲ್ಕತ್ತಾದಲ್ಲಿ ತೀರಿಕೊಂಡರು. ಚಿತ್ರ ಜನರ ಮುಂದೆ ಬಂದದ್ದು 1998ರಲ್ಲಿ.